ಅಪ್ಪನ ತಂಡದ ದುಡಿಕೊಟ್ಟ್ ಪಾಟ್ ಸ್ಪಾಟಿಫೈ, ಯೂಟ್ಯೂಬ್‌ಗೆ ಹಾಕಬೇಕು. ಸಹಿ ಹಾಕುವ ಮೊದಲು ಏನು ನೋಡಬೇಕು?

ನಾಪೋಕ್ಲು ಕಡೆಯವಳು

ಅಪ್ಪ ಮತ್ತು ಅವರ ಜೊತೆಗಾರರು ಮೂವರು, ಒಟ್ಟು ನಾಲ್ಕು ಜನ ದುಡಿಕೊಟ್ಟ್ ಪಾಟ್ ಹಾಡುತ್ತಾರೆ, ಅಂದರೆ ದುಡಿ ಅನ್ನುವ ಸಣ್ಣ ಚರ್ಮವಾದ್ಯ ಬಾರಿಸುತ್ತಾ ಹಾಡುವ ಕೊಡವ ಹಾಡು. ಮದುವೆಮನೆ, ಪುತ್ತರಿ (ನಮ್ಮ ಸುಗ್ಗಿ ಹಬ್ಬ), ಊರಿನ ಮಂದ್ (ಹಬ್ಬಕ್ಕೆ ಜನ ಸೇರುವ ಬಯಲು), ಕರೆದಲ್ಲಿಗೆ ಹೋಗುತ್ತಾರೆ. ತೊಂಬತ್ತರ ದಶಕದ ಕೊನೆಯಲ್ಲಿ ಇವರ ಒಂದು ಕ್ಯಾಸೆಟ್ ಬಂದಿತ್ತು. ಆಗ ಹಾಡಿದ ನಾಲ್ವರಲ್ಲಿ ಒಬ್ಬರು ಈಗಿಲ್ಲ. ಅವರ ಜಾಗದಲ್ಲಿ ಅವರ ಮಗ ದುಡಿ ಹಿಡಿದಿದ್ದಾರೆ.

ಈಗ ಎರಡು ಕೆಲಸ ಆಗಬೇಕು. ಹಳೇ ಕ್ಯಾಸೆಟ್ಟನ್ನು ಡಿಜಿಟಲ್ ಮಾಡಿ ಸ್ಪಾಟಿಫೈ, ಯೂಟ್ಯೂಬ್, ಜಿಯೋಸಾವನ್ ಎಲ್ಲದಕ್ಕೂ ಹಾಕಬೇಕು. ಜೊತೆಗೆ ಒಂದಷ್ಟು ಹಾಡು ಹೊಸದಾಗಿ ರೆಕಾರ್ಡ್ ಮಾಡಬೇಕು. ಅಪ್ಪನ ಗಂಟಲು ಮೊದಲಿನ ಹಾಗಿಲ್ಲ. ಇನ್ನೂ ಮುಂದೆ ಹಾಕುತ್ತಾ ಕೂತರೆ ಕೆಲವು ಹಾಡು ಅವರ ಜೊತೆಯೇ ಹೋಗಿಬಿಡುತ್ತವೆ ಅನ್ನುವ ಭಯ ನನಗೆ.

ಇದರ ನಡುವೆ ಬೆಂಗಳೂರಿನ ಒಂದು ಕಂಪನಿಯವರು ಫೋನ್ ಮಾಡಿದರು. ಯಾರದೋ ಮದುವೆ ವಿಡಿಯೋದಲ್ಲಿ ಅಪ್ಪನ ಹಾಡು ಕೇಳಿದ್ದಾರಂತೆ. "ಎಲ್ಲಾ ನಾವೇ ನೋಡ್ಕೋತೀವಿ, ನೀವು ಸಹಿ ಹಾಕಿದ್ರೆ ಸಾಕು" ಅಂದರು. ಒಂದೇ ಸಲಕ್ಕೆ ಒಂದು ಮೊತ್ತ ಕೊಡುತ್ತಾರೆ. ಒಪ್ಪಂದದ ಕಾಗದ ವಾಟ್ಸಾಪ್‌ನಲ್ಲಿ ಬಂದಿದೆ. ಅದರಲ್ಲಿ "ಶಾಶ್ವತವಾಗಿ, ಜಗತ್ತಿನಾದ್ಯಂತ, ಈಗಿರುವ ಮತ್ತು ಮುಂದೆ ಬರುವ ಎಲ್ಲಾ ಮಾಧ್ಯಮಗಳಲ್ಲಿ" ಅಂತ ಒಂದು ಸಾಲಿದೆ. ಅಪ್ಪನಿಗೆ ದುಡ್ಡಿನ ಮೇಲೆ ಅಂಥ ಆಸೆ ಇಲ್ಲ. "ಹಾಡು ನಾಲ್ಕು ಜನರಿಗೆ ಕೇಳಿಸಿದರೆ ಸಾಕು" ಅನ್ನುತ್ತಾರೆ. ನನಗೆ ಮಾತ್ರ ಆ ಸಾಲು ಓದಿ ಸಹಿ ಮಾಡಿಸಲು ಮನಸ್ಸಾಗುತ್ತಿಲ್ಲ.

ಹಳೇ ಕ್ಯಾಸೆಟ್ ಯಾರದ್ದು ಅನ್ನುವುದೂ ಗೊತ್ತಿಲ್ಲ. ಸ್ಟುಡಿಯೋ ಬಾಡಿಗೆಯನ್ನು ನಾಲ್ವರೂ ಸೇರಿ ಕೊಟ್ಟಿದ್ದರು ಅಂತ ಅಪ್ಪ ಹೇಳುತ್ತಾರೆ. ಪ್ರತಿ ಮಾಡಿ ಮಾರಿದ್ದು ಒಂದು ಸಣ್ಣ ಕಂಪನಿ. ಅದು ಯಾವತ್ತೋ ಮುಚ್ಚಿದೆ. ಹಾಡುಗಳಂತೂ ಹಿಂದಿನಿಂದ ಬಂದದ್ದು, ಯಾರೂ ಬರೆದದ್ದಲ್ಲ. ನಾವೇ ಹಾಕಬಹುದಾ? ಹಾಕಿದರೆ ನಾಲ್ಕು ಕಾಸು ಬರುತ್ತದಾ? ಬಂದರೆ ತೀರಿಹೋದವರ ಮನೆಗೂ ಪಾಲು ಹೋಗಬೇಕು, ಅದು ಹೇಗೆ? ಈ ಕೆಲಸ ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ವಿರಾಜಪೇಟೆ ಹಳೇ ಅಂಗಡಿ

ನಾನು ಕ್ಯಾಸೆಟ್ ಮಾರುತ್ತಿದ್ದವನು. ಆ ಮೇಲೆ ಸಿಡಿ, ವಿಸಿಡಿ. ಆಮೇಲೆ ಮೊಬೈಲ್ ರಿಪೇರಿ. ಅದೇ ಅಂಗಡಿ, ಅದೇ ಗಲ್ಲಾ. ಹಾಗಾಗಿ ಈ ವ್ಯಾಪಾರ ಹೇಗೆ ತಿರುಗಿತು ಅಂತ ಕಣ್ಣೆದುರು ನೋಡಿದ್ದೇನೆ.

ಅಮೆರಿಕದಲ್ಲಿ 1999ರಲ್ಲಿ ಇಂಟರ್ನೆಟ್‌ನಲ್ಲಿ ಹಾಡು ಪುಕ್ಕಟೆ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂತು, 2003ರಲ್ಲಿ ಆಪಲ್‌ನವರು ಒಂದೊಂದು ಹಾಡನ್ನು 99 ಸೆಂಟಿಗೆ ಮಾರಲು ಶುರು ಮಾಡಿದರು. ನಮ್ಮಲ್ಲಿ ಆ ಹಂತ ಬರಲೇ ಇಲ್ಲ ಅನ್ನಬಹುದು. ಇಲ್ಲಿ ಸಿಡಿಯಿಂದ ನೇರ ಮೆಮೊರಿ ಕಾರ್ಡಿಗೆ ಹಾರಿದರು ಜನ. ಕಾರ್ಡ್ ತಂದು ಕೊಟ್ಟು "ಹಾಡು ತುಂಬಿಸಿಕೊಡಿ" ಅನ್ನುವುದು. ಸಂತೆ ದಿನ ಸಾಲು ನಿಲ್ಲುತ್ತಿತ್ತು. ಹಾಡಿದವರಿಗೆ ಅದರಲ್ಲಿ ಒಂದು ಪೈಸೆ ಹೋಗಲಿಲ್ಲ. ಅದೇ ಹೊತ್ತಿಗೆ ದೊಡ್ಡ ಕಂಪನಿಗಳನ್ನು ಉಳಿಸಿದ್ದು ಕಾಲರ್ ಟ್ಯೂನ್. ತಿಂಗಳಿಗೆ ಇಷ್ಟು ಅಂತ ಮೊಬೈಲ್ ಬ್ಯಾಲೆನ್ಸ್‌ನಿಂದ ಕತ್ತರಿಸುತ್ತಿದ್ದರು, ಅದರಲ್ಲಿ ಕಂಪನಿಗೆ ಪಾಲು. ಆಮೇಲೆ ಜಿಯೋ ಬಂದು ಡೇಟಾ ಅಗ್ಗವಾಯಿತು. 2019ರಲ್ಲಿ ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್ ಎರಡೂ ಭಾರತಕ್ಕೆ ಬಂದವು. ಎಲ್ಲಾ ಉಳಿಯಲೂ ಇಲ್ಲ. 2022ರಲ್ಲಿ ಗಾನಾ ಪುಕ್ಕಟೆ ಕೇಳಿಸುವುದು ನಿಲ್ಲಿಸಿತು, 2024ರಲ್ಲಿ ರೆಸ್ಸೋ, ವಿಂಕ್ ಎರಡೂ ಬಾಗಿಲು ಹಾಕಿದವು. ಅದಕ್ಕೇ ಒಂದೇ ಕಡೆ ನಂಬಿಕೊಂಡು ಕೂರಬೇಡಿ ಅಂತ ಹೇಳುವುದು.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ಕೊಡವ ಭಾಷೆ ಮಾತೃಭಾಷೆ ಅಂತ 2011ರ ಜನಗಣತಿಯಲ್ಲಿ ಬರೆಸಿದವರು ಸುಮಾರು 1.14 ಲಕ್ಷ ಜನ. ಅಷ್ಟೂ ಜನ ಕೇಳಿದರೂ ಸಿನಿಮಾ ಹಾಡಿನ ಲೆಕ್ಕಕ್ಕೆ ಅದು ಏನೂ ಅಲ್ಲ. ಸ್ಪಾಟಿಫೈ 2024ರಿಂದ ಇನ್ನೊಂದು ನಿಯಮ ತಂದಿದೆ. ಹಿಂದಿನ 12 ತಿಂಗಳಲ್ಲಿ ಒಂದು ಹಾಡು ಕನಿಷ್ಠ 1000 ಸಲ ಕೇಳಿಸಿರಬೇಕು. ಇಲ್ಲದಿದ್ದರೆ ಆ ಹಾಡಿಗೆ ರಾಯಲ್ಟಿ ಲೆಕ್ಕವೇ ಇಲ್ಲ. ಸಣ್ಣ ಭಾಷೆಯವರಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಹತ್ತು ಹಾಡು ತಲಾ ಒಂಬೈನೂರು ಸಲ ಕೇಳಿಸಿದರೂ ಕೈಗೆ ಸೊನ್ನೆ.

ಹಾಗಂತ ಹಾಕಬೇಡಿ ಅನ್ನುತ್ತಿಲ್ಲ. ಹಾಕಿ. ಆದರೆ ಬರುವ ಕಾಸು ಬೇರೆ ಕಡೆಯಿಂದ ಬರುತ್ತದೆ ಅಂತ ತಿಳಿದು ಹಾಕಿ. ಹಾಡು ಫೋನಿನಲ್ಲಿ ಸಿಕ್ಕಿದರೆ ಮದುವೆಗೆ ಕರೆಯುವವರು ಜಾಸ್ತಿ ಆಗುತ್ತಾರೆ. ಬೇಸಿಗೆಯಲ್ಲಿ ಕೊಡವ ಹಾಕಿ ಹಬ್ಬಕ್ಕೆ ಎಷ್ಟು ಮನೆತನದವರು ಸೇರುತ್ತಾರೆ ನೋಡಿದ್ದೀರಲ್ಲ, ಅಲ್ಲಿ ಒಂದು ಮೇಜು ಹಾಕಿ. ಪೆನ್‌ಡ್ರೈವ್‌ನಲ್ಲಿ ಹಾಡು, ಜೊತೆಗೆ ಪದಗಳನ್ನು ಅಚ್ಚು ಮಾಡಿದ ಒಂದು ಚಿಕ್ಕ ಪುಸ್ತಕ. ಹೊರಗಿರುವ ಮಕ್ಕಳಿಗೆ ಕೊಡಲು ಅಜ್ಜಿಯರು ಖಂಡಿತ ಕೊಳ್ಳುತ್ತಾರೆ. ಈಗಿನ ಕಾರುಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ, ಅದಕ್ಕೆ ಸಿಡಿ ಬೇಡ.

ಗೋಣಿಕೊಪ್ಪ ರೆಕಾರ್ಡಿಂಗ್

ತಂಗಿ, ಆ ಕಾಗದಕ್ಕೆ ಸಹಿ ಹಾಕಿಸಬೇಡಿ. ಉಳಿದದ್ದು ಆಮೇಲೆ.

ಕ್ಯಾಸೆಟ್ ಕಾಲದಲ್ಲಿ ಕಂಪನಿ ಬೇಕೇ ಬೇಕಿತ್ತು. ಸಾವಿರಾರು ಪ್ರತಿ ಮಾಡುವ ಮೆಷಿನ್ ಅವರ ಹತ್ತಿರ ಇತ್ತು, ಅಂಗಡಿಗೆ ತಲುಪಿಸುವ ಏಜೆಂಟರು ಅವರ ಕೈಲಿದ್ದರು, ಮಾರಾಟವಾಗದ ಮಾಲು ವಾಪಸು ಬಂದರೆ ನಷ್ಟ ಅವರದ್ದೇ. ಅದಕ್ಕೆ ಬದಲಾಗಿ ಅವರು ಹಕ್ಕು ಕೇಳುತ್ತಿದ್ದರು. ಈಗ ನಿಮ್ಮ ಹಾಡನ್ನು ಸ್ಪಾಟಿಫೈ ಥರದ ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರೋಕಿಡ್, ಟ್ಯೂನ್‌ಕೋರ್, ರೂಟ್‌ನೋಟ್ ಥರದ ವಿತರಕರು ಇದ್ದಾರೆ. ಡಿಸ್ಟ್ರೋಕಿಡ್‌ಗೆ ವರ್ಷಕ್ಕೆ ಇಷ್ಟು ಅಂತ ಶುಲ್ಕ. ರೂಟ್‌ನೋಟ್‌ನಲ್ಲಿ ಶುಲ್ಕ ಇಲ್ಲದೆಯೂ ಹಾಕಬಹುದು, ಬಂದದ್ದರಲ್ಲಿ 15% ಅವರು ಇಟ್ಟುಕೊಳ್ಳುತ್ತಾರೆ. ಹಕ್ಕು ನಿಮ್ಮಲ್ಲೇ ಉಳಿಯುತ್ತದೆ. ನಾಳೆ ಬೇಡ ಅನಿಸಿದರೆ ತೆಗೆಯಬಹುದು. ವಾರ್ಷಿಕ ಶುಲ್ಕದ ಕಡೆ ಹೋದರೆ ಒಂದು ನೆನಪಿಡಿ, ಶುಲ್ಕ ಕಟ್ಟುವುದು ನಿಂತರೆ ಹಾಡು ಕೆಳಗಿಳಿಯಬಹುದು. ಅಪ್ಪನ ಹಾಡು ಇಪ್ಪತ್ತು ವರ್ಷ ಅಲ್ಲೇ ಇರಬೇಕು ಅಂದರೆ ಯಾರು ಕಟ್ಟುತ್ತಾ ಹೋಗುತ್ತಾರೆ ಅಂತ ಈಗಲೇ ಯೋಚಿಸಿ.

ಆ ಕಂಪನಿಯವರು ಮಾಡುವುದೂ ಇದೇ ಅಪ್‌ಲೋಡ್ ಕೆಲಸ. ಅದಕ್ಕೆ ಶಾಶ್ವತ ಹಕ್ಕು ಯಾಕೆ ಕೊಡಬೇಕು? ಪ್ರಚಾರಕ್ಕೆ ಎಷ್ಟು ಖರ್ಚು ಮಾಡುತ್ತೀರಿ ಅಂತ ಬರಹದಲ್ಲಿ ಕೇಳಿ. ಹಕ್ಕು ಬಿಟ್ಟುಕೊಡಲೇಬೇಕಾದರೆ 3 ವರ್ಷ, 5 ವರ್ಷ ಅಂತ ಅವಧಿ ಹಾಕಿಸಿ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಅವಧಿ ಬರೆಯದೇ ಹಕ್ಕು ಕೊಟ್ಟಿದ್ದರೆ 5 ವರ್ಷ ಅಂತ ಲೆಕ್ಕ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಅದಕ್ಕೇ ಅವರು ಶಾಶ್ವತ, ಜಗತ್ತಿನಾದ್ಯಂತ ಅಂತ ಬಿಡಿಸಿ ಬಿಡಿಸಿ ಬರೆದಿರುವುದು. ಆ ಸಾಲು ಸುಮ್ನೆ ಬಂದದ್ದಲ್ಲ.

ಹಳೇ ಕ್ಯಾಸೆಟ್ ವಿಷಯ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ, ಹಾಗಾಗಿ ಅದು ಇನ್ನೂ ಜೀವಂತ. ಮೊದಲ ಹಕ್ಕುದಾರ ಯಾರು ಅಂದರೆ ನಿರ್ಮಾಪಕ. ರೆಕಾರ್ಡಿಂಗ್ ಆಗಲಿ ಅಂತ ಮುಂದೆ ನಿಂತು ಜವಾಬ್ದಾರಿ ಹೊತ್ತವನೇ ಕಾಯ್ದೆಯ ಕಣ್ಣಿಗೆ ನಿರ್ಮಾಪಕ. ನಾಲ್ವರೂ ಕೈಯಿಂದ ಬಾಡಿಗೆ ಕೊಟ್ಟಿದ್ದರೆ ನಿಮ್ಮ ಕಡೆ ಬಲವಿದೆ. ಕ್ಯಾಸೆಟ್ಟಿನ ಒಳಗಿನ ಕಾಗದ ಬಿಡಿಸಿ ನೋಡಿ. ವೃತ್ತದೊಳಗೆ ಇಂಗ್ಲಿಷಿನ ಪಿ ಅಕ್ಷರ, ಪಕ್ಕದಲ್ಲಿ ವರ್ಷ, ಹೆಸರು ಇರುತ್ತದೆ. ಅಲ್ಲಿ ಕಂಪನಿಯ ಹೆಸರಿದ್ದರೆ ಮುಚ್ಚಿದೆ ಅಂತ ಬಿಡುವ ಹಾಗಿಲ್ಲ, ಅಂಥ ಹಕ್ಕನ್ನು ಇನ್ಯಾರಿಗೋ ಮಾರಿರಲೂಬಹುದು. ಮನೆಯ ಪೆಟ್ಟಿಗೆಯಲ್ಲಿ ರಸೀದಿ, ಪತ್ರ, ಏನಾದರೂ ಇದೆಯಾ ಹುಡುಕಿ. ಎಲ್ಲಾ ಹಿಡಿದು ಮಡಿಕೇರಿಯಲ್ಲಿ ಒಬ್ಬ ವಕೀಲರಿಗೆ ಒಂದು ಸಲ ತೋರಿಸಿ. ಗೊಂದಲ ಉಳಿದರೆ ಅದೇ ಹಾಡುಗಳನ್ನು ಹೊಸದಾಗಿ ಹಾಡಿಸಿ. ಹೊಸ ರೆಕಾರ್ಡಿಂಗ್ ಪೂರ್ತಿ ನಿಮ್ಮದು.

ಪದಗಳ ಬಗ್ಗೆ ತಲೆಬಿಸಿ ಬೇಡ. ಕೊಡವ ಜನಪದ ಹಾಡುಗಳನ್ನು ಒಟ್ಟು ಮಾಡಿದ ಪುಸ್ತಕ, ನಡಿಕೇರಿಯಂಡ ಚಿಣ್ಣಪ್ಪನವರ ಪಟ್ಟೋಲೆ ಪಳಮೆ ಬಂದದ್ದು 1924ರಲ್ಲಿ. ಅವರು ತೀರಿಕೊಂಡದ್ದು 1931ರಲ್ಲಿ. ಬರೆದವರು ತೀರಿ 60 ವರ್ಷ ದಾಟಿದರೆ ಕೃತಿ ಎಲ್ಲರದ್ದೂ ಆಗುತ್ತದೆ. ಹರದಾಸ ಅಪ್ಪಚ್ಚ ಕವಿಗಳು 1944ರಲ್ಲಿ ಹೋದವರು, ಅವರ ಹಾಡಿಗೂ ಇದೇ ಮಾತು. ಅಪ್‌ಲೋಡ್ ಮಾಡುವಾಗ ಸಾಹಿತ್ಯ, ಸಂಗೀತ ಯಾರದ್ದು ಅಂತ ಕೇಳುತ್ತದೆ. ಹಿಂದಿನಿಂದ ಬಂದ ಹಾಡಾದರೆ ಅಲ್ಲಿ "ಸಾಂಪ್ರದಾಯಿಕ" ಅಂತ ಹಾಕಿ, ಅಪ್ಪಚ್ಚ ಕವಿಗಳದ್ದಾದರೆ ಅವರ ಹೆಸರು ಹಾಕಿ. ಅಪ್ಪನ ಹೆಸರು ಹಾಡಿದವರ ಜಾಗದಲ್ಲಿ ಬರಲಿ. ಆದರೆ ಈಗ ಬದುಕಿರುವ ಕವಿಯೊಬ್ಬರು ಬರೆದ ಹಾಡು ಒಂದಾದರೂ ಇದ್ದರೆ ಅವರಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಅವರು ಐಪಿಆರ್‌ಎಸ್ ಸದಸ್ಯರಾಗಬಹುದು ಅಂತಲೂ ಹೇಳಿ. 1969ರಿಂದ ಇರುವ ಸಂಸ್ಥೆ ಅದು, ಬರೆದವರಿಗೂ ಸಂಗೀತ ಕಟ್ಟಿದವರಿಗೂ ರಾಯಲ್ಟಿ ವಸೂಲಿ ಮಾಡಿ ಕೊಡುತ್ತದೆ. 2012ರ ತಿದ್ದುಪಡಿ ಬಂದ ಮೇಲೆ ಆ ಪಾಲನ್ನು ಯಾರೂ ಅವರಿಂದ ಬರೆಸಿಕೊಂಡು ಕಿತ್ತುಕೊಳ್ಳುವ ಹಾಗಿಲ್ಲ.

ಇನ್ನು ನಾನು ಎಲ್ಲರಿಗೂ ಹೇಳುವ ಮಾತು, ಯಾರೂ ಗಮನ ಕೊಡುವುದಿಲ್ಲ. ನಿಮ್ಮ ಹಾಡು ಎಷ್ಟು ಉದ್ದ? ದುಡಿಕೊಟ್ಟ್ ಪಾಟ್‌ನಲ್ಲಿ ಒಂದೊಂದು ಕಥೆ ಮುಕ್ಕಾಲು ಗಂಟೆ ಹೋಗುತ್ತದೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸಲ ಅಂತ ಲೆಕ್ಕ. ಆಮೇಲೆ ಮುಕ್ಕಾಲು ಗಂಟೆ ಕೇಳಿದರೂ ಅದೇ ಒಂದು. ಎರಡು ನಿಮಿಷದ ರೀಲ್ಸ್ ಹಾಡಿಗೂ ನಿಮ್ಮ ಅಪ್ಪನ ಪೂರ್ತಿ ಕಥೆಗೂ ಒಂದೇ ಬೆಲೆ. ಇದು ಹಾಡಿನ ಆಕಾರವನ್ನೇ ಬದಲಿಸಿದೆ. ಸಿನಿಮಾ ಹಾಡುಗಳಲ್ಲಿ ಮುಂಚಿನ ಉದ್ದದ ಬಿಜಿಎಂ ಎಲ್ಲಿ ಹೋಯಿತು ನೋಡಿ. ಕೇಳುವವನು ಮೊದಲ ಅರ್ಧ ನಿಮಿಷದಲ್ಲಿ ದಾಟಿಸಿಬಿಟ್ಟರೆ ಲೆಕ್ಕಕ್ಕೇ ಬರುವುದಿಲ್ಲ ಅಂತ ಎಲ್ಲರೂ ಬೇಗ ಪಲ್ಲವಿಗೆ ಬರುತ್ತಾರೆ.

ಅಪ್ಪನ ಹಾಡನ್ನು ಹಾಗೆ ಕತ್ತರಿಸಿ ಅಂತ ನಾನು ಹೇಳುವುದಿಲ್ಲ. ಯೂಟ್ಯೂಬ್‌ಗೆ ಪೂರ್ತಿ ಕಥೆ ಒಂದೇ ವಿಡಿಯೋ ಆಗಿ ಹೋಗಲಿ. ಅಲ್ಲಿ ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ಬೆಲೆ ಇದೆ. ಸ್ಪಾಟಿಫೈ, ಆಪಲ್ ಕಡೆಗೆ ಭಾಗಗಳಾಗಿ ಹೋಗಲಿ. ಎಲ್ಲಿ ಬಿಡಬೇಕು ಅನ್ನುವುದನ್ನು ಹಾಡುವವರೇ ಹೇಳಬೇಕು. ಒಂದು ಜೋಡಿ ಹಾಡಿ ಇನ್ನೊಂದು ಜೋಡಿ ಎತ್ತಿಕೊಳ್ಳುವ ಕಡೆ, ಕಥೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಕಡೆ, ದುಡಿ ಒಂದು ಕ್ಷಣ ನಿಲ್ಲುವ ಕಡೆ. ನಾನು ರೆಕಾರ್ಡ್ ಮಾಡುವಾಗ ಹಿರಿಯರ ಎದುರು ಒಂದು ಕಾಗದ, ಪೆನ್ಸಿಲ್ ಇಟ್ಟಿರುತ್ತೇನೆ. ಹಾಡು ಮುಗಿದ ಮೇಲೆ ಮತ್ತೆ ಕೇಳಿಸಿ, ಅವರು ಕೈ ಎತ್ತಿದ ಕಡೆ ನಿಮಿಷ ಸೆಕೆಂಡ್ ಬರೆದುಕೊಳ್ಳುತ್ತೇನೆ. ಕಂಪ್ಯೂಟರ್ ಮುಂದೆ ಕೂತ ಹುಡುಗನಿಗೆ ಇದು ತಿಳಿಯುವುದಿಲ್ಲ. ಬೆಂಗಳೂರಿನ ಕಂಪನಿಗೆ ಕೊಟ್ಟರೆ ಅವರು ಮೂರು ಮೂರು ನಿಮಿಷಕ್ಕೆ ಕತ್ತರಿ ಹಾಕುತ್ತಾರೆ, ಕಥೆ ನಡುವಿನಲ್ಲೇ.

ರೆಕಾರ್ಡಿಂಗ್ ಯಾವಾಗ ಅಂತಲೂ ಯೋಚಿಸಿ. ಜೂನ್‌ನಿಂದ ಆಗಸ್ಟ್ ಬೇಡ. ಹೆಂಚಿನ ಮೇಲೆ, ಶೀಟಿನ ಮೇಲೆ ಮಳೆ ಬೀಳುವ ಸದ್ದು ಯಾವ ಸಾಫ್ಟ್‌ವೇರಿನಲ್ಲೂ ಪೂರ್ತಿ ಹೋಗುವುದಿಲ್ಲ. ದುಡಿಯ ಚರ್ಮ ತೇವ ಹೀರಿ ಸದ್ದು ಮಂಕಾಗುತ್ತದೆ. ಜನವರಿ ಫೆಬ್ರವರಿಯಲ್ಲಿ ಕಾಫಿ ಕೊಯ್ಲು, ನಾಲ್ವರನ್ನೂ ಒಟ್ಟಿಗೆ ಕೂರಿಸುವುದೇ ಕಷ್ಟ. ಪುತ್ತರಿ ಆದ ಕೂಡಲೇ ಸಿಗುವ ದಿನಗಳು ಚೆನ್ನ, ಗಂಟಲೂ ಹಾಡಿ ಹಾಡಿ ಹದವಾಗಿರುತ್ತದೆ.

ಕುಶಾಲನಗರ ವಿಡಿಯೋ

ನಾನು ಮದುವೆ ವಿಡಿಯೋ ಮಾಡುವವನು. ನನ್ನ ಕಡೆಯಿಂದ ಒಂದೇ ವಿಷಯ.

ಅಪ್‌ಲೋಡ್ ಮಾಡುವಾಗ "ಯೂಟ್ಯೂಬ್ ಕಂಟೆಂಟ್ ಐಡಿ ಬೇಕಾ" ಅಂತ ಒಂದು ಆಯ್ಕೆ ಬರುತ್ತದೆ. ಬೇಕು ಅಂದರೆ ನಿಮ್ಮ ರೆಕಾರ್ಡಿಂಗ್ ಯಾರ ವಿಡಿಯೋದಲ್ಲಿ ಬಂದರೂ ಯೂಟ್ಯೂಬ್ ಗುರುತಿಸುತ್ತದೆ. ಆ ವಿಡಿಯೋದ ಜಾಹೀರಾತಿನ ದುಡ್ಡು ನಿಮಗೆ ಬರುವ ಹಾಗೆ ಮಾಡಬಹುದು. ಕೊಡವ ಮದುವೆ ವಿಡಿಯೋ ಎಷ್ಟು ಇವೆ, ಎಷ್ಟು ಜನ ನೋಡುತ್ತಾರೆ ಅಂತ ಯೋಚಿಸಿ. ನಿಮ್ಮ ಸ್ವಂತ ಚಾನೆಲ್‌ಗಿಂತ ಅಲ್ಲಿಂದಲೇ ಜಾಸ್ತಿ ಬಂದರೂ ಬರಬಹುದು.

ಆದರೆ ಎಚ್ಚರಿಕೆ ಬೇಕು. ಒಂದೇ ಸಾಂಪ್ರದಾಯಿಕ ಹಾಡನ್ನು ಹತ್ತು ತಂಡ ಹಾಡುತ್ತವೆ. ಧಾಟಿ ಒಂದೇ, ದುಡಿಯ ಪೆಟ್ಟು ಒಂದೇ. ಬೇರೆ ತಂಡದವರು ತಾವೇ ಹಾಡಿದ್ದಕ್ಕೂ ನಿಮ್ಮ ಹೆಸರಲ್ಲಿ ಕ್ಲೇಮ್ ಬಿದ್ದರೆ ಅವರಿಗೆ ಬೇಜಾರಾಗುತ್ತದೆ, ಊರಲ್ಲಿ ಮುಖ ನೋಡುವ ಹಾಗಿರುವುದಿಲ್ಲ. ಹಾಗಾದರೆ ಕೂಡಲೇ ಬಿಟ್ಟುಕೊಡಿ. ನಿಮ್ಮ ಹಕ್ಕು ನಿಮ್ಮ ರೆಕಾರ್ಡಿಂಗ್ ಮೇಲೆ ಮಾತ್ರ, ಹಾಡಿನ ಮೇಲಲ್ಲ. ಮಿಕ್ಸಿಂಗ್ ಮಾಡುವಾಗ ಕಂಪ್ಯೂಟರಿನಲ್ಲಿ ಸಿಗುವ ರೆಡಿಮೇಡ್ ತಾಳದ ಲೂಪ್ ಸೇರಿಸಿದ್ದರೆ ಕಂಟೆಂಟ್ ಐಡಿ ಕೇಳಲೇಬೇಡಿ. ಅದೇ ಲೂಪ್ ಬೇರೆ ಸಾವಿರ ಹಾಡಿನಲ್ಲಿ ಇರುತ್ತದೆ.

ನನ್ನಂಥವರಿಗೂ ಒಂದು ಮಾತು. ಕ್ಲೇಮ್ ಬಂದರೆ ಹೆದರಬೇಡಿ, ವಿಡಿಯೋ ಸಾಮಾನ್ಯವಾಗಿ ಹಾಗೇ ಇರುತ್ತದೆ, ದುಡ್ಡು ಹಾಡಿನವರಿಗೆ ಹೋಗುತ್ತದೆ ಅಷ್ಟೆ. ಸ್ಟ್ರೈಕ್ ಅಂದರೆ ಬೇರೆ, ಹಕ್ಕುದಾರರು ದೂರು ಕೊಟ್ಟು ವಿಡಿಯೋ ತೆಗೆಸಿದಾಗ ಬೀಳುವುದು, ಮೂರು ಬಂದರೆ ಚಾನೆಲ್ಲೇ ಹೋಗಬಹುದು.

ಪೊನ್ನಂಪೇಟೆಯವನು, ಈಗ ಬೆಂಗಳೂರು

ಹೊರದೇಶದಲ್ಲಿರುವ ನಮ್ಮವರಿಗೆ ಮಾರುವುದಾದರೆ ಬ್ಯಾಂಡ್‌ಕ್ಯಾಂಪ್ ನೋಡಿ. ಅಲ್ಲಿ ಜನ ಆಲ್ಬಂ ಕೊಳ್ಳುತ್ತಾರೆ, ಬೆಲೆ ನೀವೇ ಇಡಬಹುದು, ಇಷ್ಟವಾದವರು ಜಾಸ್ತಿಯೂ ಕೊಡಬಹುದು. ಡಿಜಿಟಲ್ ಮಾರಾಟದಲ್ಲಿ 15% ಅವರು ಇಟ್ಟುಕೊಳ್ಳುತ್ತಾರೆ. ಒಬ್ಬರು ಆಲ್ಬಂ ಕೊಂಡರೆ ಬರುವ ದುಡ್ಡು ಸ್ಪಾಟಿಫೈನಲ್ಲಿ ಬರಲು ಸಾವಿರಾರು ಸಲ ಕೇಳಿಸಬೇಕು. ದುಡ್ಡು ಪೇಪಾಲ್ ಮೂಲಕ ಬರುತ್ತದೆ. ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ, ಹೊರಗಿನಿಂದ ಬರುವುದಕ್ಕೆ ತೊಂದರೆ ಇಲ್ಲ. ಹಾಗಾಗಿ ಕೆನಡಾದ ಚಿಕ್ಕಪ್ಪನಿಗೆ ಬ್ಯಾಂಡ್‌ಕ್ಯಾಂಪ್, ಅಮ್ಮತ್ತಿಯ ಚಿಕ್ಕಮ್ಮನಿಗೆ ಯುಪಿಐ ಮತ್ತು ಪೆನ್‌ಡ್ರೈವ್.

ಯೂಟ್ಯೂಬ್‌ನಲ್ಲಿ ಸ್ವಂತ ಚಾನೆಲ್ ತೆರೆದರೆ ಜಾಹೀರಾತಿನ ಪಾಲು ಸಿಗಲು 1000 ಚಂದಾದಾರರು ಮತ್ತು 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಬೇಕು. ಉದ್ದದ ಹಾಡು ಇರುವ ನಿಮಗೆ ಗಂಟೆ ತುಂಬುವುದು ಅಷ್ಟು ಕಷ್ಟವಲ್ಲ. ದುಡ್ಡು 100 ಡಾಲರ್ ಆದ ಮೇಲೆ ಕಳಿಸುತ್ತಾರೆ. ಅದಕ್ಕೂ ಮೊದಲು 10 ಡಾಲರ್ ಆದಾಗ ವಿಳಾಸ ಖಚಿತ ಮಾಡಲು ಒಂದು ಪಿನ್ ಅಂಚೆಯಲ್ಲಿ ಬರುತ್ತದೆ, ಕಾಗದದಲ್ಲಿ. ನಾಪೋಕ್ಲು ಕಡೆ ಎಸ್ಟೇಟ್ ವಿಳಾಸ ಅಂದರೆ ಅಂಚೆಯಣ್ಣನಿಗೆ ಮೊದಲೇ ಹೇಳಿಡಿ. ಅಮೆರಿಕದ ತೆರಿಗೆ ಫಾರಂ ಕೂಡ ತುಂಬಬೇಕು, ಡಬ್ಲ್ಯು-8ಬಿಇಎನ್ ಅಂತ. ಅದರಲ್ಲಿ ಪ್ಯಾನ್ ನಂಬರ್ ಕೊಟ್ಟರೆ ಅಮೆರಿಕದ ವೀಕ್ಷಕರಿಂದ ಬಂದ ಪಾಲಿಗೆ ಮಾತ್ರ 15% ಹಿಡಿಯುತ್ತಾರೆ. ತುಂಬದಿದ್ದರೆ ಒಟ್ಟು ಆದಾಯದಲ್ಲೇ 24% ವರೆಗೆ ಹೋಗಬಹುದು.

ಹೆಸರಿನ ವಿಷಯವನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ನಮ್ಮ ಮನೆಹೆಸರನ್ನು ಇಂಗ್ಲಿಷಿನಲ್ಲಿ ಒಂದೊಂದು ಸಲ ಒಂದೊಂದು ಥರ ಬರೆಯುತ್ತೇವೆ. ಒಂದಕ್ಷರ ಬದಲಾದರೂ ಸ್ಪಾಟಿಫೈ ಅದನ್ನು ಬೇರೆ ಕಲಾವಿದ ಅಂದುಕೊಳ್ಳುತ್ತದೆ. ಅದೇ ಹೆಸರಿನ ಇನ್ಯಾರದೋ ಪುಟಕ್ಕೆ ನಿಮ್ಮ ಹಾಡು ಹೋಗಿ ಕೂರುವುದೂ ಉಂಟು. ತಂಡದ ಹೆಸರು ಒಂದು, ಅಕ್ಷರ ಒಂದು, ಎಲ್ಲಾ ಕಡೆ ಅದೇ. ಪ್ರತಿ ಹಾಡಿಗೂ ಐಎಸ್‌ಆರ್‌ಸಿ ಅಂತ 12 ಅಕ್ಷರದ ಸಂಖ್ಯೆ ಸಿಗುತ್ತದೆ. ವಿತರಕರೇ ಕೊಡುತ್ತಾರೆ. ಅದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ನಾಳೆ ವಿತರಕರನ್ನು ಬದಲಿಸಿದರೆ ಅದೇ ಸಂಖ್ಯೆ ಕೊಡಬೇಕು, ಆಗ ಹಳೇ ಲೆಕ್ಕ ಹಾಗೇ ಉಳಿಯುತ್ತದೆ.

ನಾಪೋಕ್ಲು ಕಡೆಯವಳು

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಂಪನಿಯವರಿಗೆ ಸದ್ಯಕ್ಕೆ ಬೇಡ ಅಂತ ಹೇಳಿದೆ. ಕ್ಯಾಸೆಟ್ಟಿನ ಒಳಗಿನ ಕಾಗದದಲ್ಲಿ ಪಿ ಗುರುತಿನ ಪಕ್ಕ ತಂಡದ ಹೆಸರೇ ಇದೆ! ಸ್ಟುಡಿಯೋ ರಸೀದಿಯೂ ಅಪ್ಪನ ಹಳೇ ಡೈರಿಯೊಳಗೆ ಸಿಕ್ಕಿತು. ಎರಡನ್ನೂ ಹಿಡಿದು ವಕೀಲರ ಹತ್ತಿರ ಹೋಗುತ್ತೇನೆ.

ಗೋಣಿಕೊಪ್ಪದ ಅಣ್ಣ, ಎರಡು ವಿಷಯ ಉಳಿಯಿತು. ಟೇಪಿಗೆ ಅಲ್ಲಲ್ಲಿ ಬೂಷ್ಟು ಹಿಡಿದಿದೆ. ಮನೆಯಲ್ಲಿ ಹಳೇ ಟೇಪ್ ರೆಕಾರ್ಡರ್ ಇದೆ, ಅದರಲ್ಲೇ ಹಾಕಿ ಫೋನಿಗೆ ರೆಕಾರ್ಡ್ ಮಾಡಿಕೊಳ್ಳಲಾ? ಇನ್ನೊಂದು, ಹೊಸ ರೆಕಾರ್ಡಿಂಗ್‌ಗೆ ವಾಲಗದವರನ್ನೂ ಕರೆಯಬೇಕು ಅಂತಿದ್ದೇವೆ. ಕೊಂಬು, ಕೊಟ್ಟ್ ಎಲ್ಲಾ ಇರಬೇಕು ಅಂತ ಅಪ್ಪನ ಆಸೆ. ಅವರಿಗೆ ಆ ದಿನದ ಸಂಬಳ ಕೊಟ್ಟರೆ ಮುಗಿಯಿತು ಅಂತ ಕೆಲವರು ಹೇಳುತ್ತಾರೆ. ಅಪ್ಪ ಒಪ್ಪುತ್ತಿಲ್ಲ, ನನಗೂ ಸರಿ ಕಾಣುತ್ತಿಲ್ಲ.

ಗೋಣಿಕೊಪ್ಪ ರೆಕಾರ್ಡಿಂಗ್

ಬೂಷ್ಟು ಹಿಡಿದ ಟೇಪನ್ನು ಯಾವುದಕ್ಕೂ ಹಾಕಬೇಡಿ. ಅಂಟಿಕೊಂಡು ಹರಿದರೆ ಆ ಹಾಡು ಹೋಯಿತು. ಮೊದಲು ಅದನ್ನು ಮಳೆ ತೇವ ತಾಗದ ಒಣ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬಿಸಿಲಿಗೆ ಇಡಬೇಡಿ, ಒಲೆ ಹತ್ತಿರವೂ ಬೇಡ. ಬೂಷ್ಟು ಒಣಗಿದ ಮೇಲೆ ನಿಧಾನಕ್ಕೆ ಒರೆಸಿ ತೆಗೆಯಬೇಕು, ಆಮೇಲೆ ಹೊಸ ಕ್ಯಾಸೆಟ್ಟಿನ ಪ್ಲಾಸ್ಟಿಕ್ ಚಿಪ್ಪಿಗೆ ಸುತ್ತಬೇಕು. ತಿಳಿದವರ ಕೈಯಲ್ಲೇ ಮಾಡಿಸಿ. ಕೇಳಿಸುವಾಗ ಕ್ಯಾಸೆಟ್ ಡೆಕ್‌ನ ಹೆಡ್ (ಟೇಪ್ ಓದುವ ಭಾಗ) ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ತಾಳದ ಸದ್ದು ಚುರುಕಾಗಿ ಕೇಳುವ ಜಾಗ ಹಿಡಿಯಬೇಕು. ಆ ಕಾಲದ ಒಂದೊಂದು ಮೆಷಿನ್ ಒಂದೊಂದು ಓರೆಯಲ್ಲಿ ರೆಕಾರ್ಡ್ ಮಾಡಿರುತ್ತದೆ. ಇದನ್ನು ಮಾಡದೇ ಇದ್ದರೆ ಇಡೀ ಹಾಡು ಕಂಬಳಿ ಹೊದ್ದ ಹಾಗೆ ಕೇಳುತ್ತದೆ, ಆಮೇಲೆ ಏನು ಮಾಡಿದರೂ ಸರಿಯಾಗದು. ಫೋನ್ ಮೈಕ್ ಬೇಡ. 24 ಬಿಟ್ ವೇವ್ ಫೈಲ್ (ಒತ್ತಿ ಚಿಕ್ಕದು ಮಾಡದ ಆಡಿಯೋ ಫೈಲ್) ಆಗಿ ತಗೊಂಡು, ಏನೂ ತಿದ್ದದ ಒಂದು ಪ್ರತಿಯನ್ನು ಬೇರೆ ಬೇರೆ ಕಡೆ ಎರಡು ಹಾರ್ಡ್‌ಡಿಸ್ಕಿನಲ್ಲಿ ಇಡಿ. ಶಬ್ದ ತೆಗೆಯುವುದು, ಚೊಕ್ಕ ಮಾಡುವುದು ಎಲ್ಲಾ ಇನ್ನೊಂದು ಪ್ರತಿಯಲ್ಲಿ.

ವಾಲಗದವರ ವಿಷಯದಲ್ಲಿ ನಿಮ್ಮ ಅಪ್ಪ ಹೇಳುವುದೇ ಸರಿ. ಇದನ್ನು ನಾನು ಸ್ವಲ್ಪ ಜೋರಾಗೇ ಹೇಳುತ್ತೇನೆ, ಯಾಕೆಂದರೆ ಕೊಡಗಿನ ರೆಕಾರ್ಡಿಂಗ್‌ಗಳಲ್ಲಿ ಇವರಿಗೆ ಆದಷ್ಟು ಅನ್ಯಾಯ ಯಾರಿಗೂ ಆಗಿಲ್ಲ. ಯಾವ ಹಳೇ ಕ್ಯಾಸೆಟ್ ತೆಗೆದು ನೋಡಿದರೂ ಹಾಡಿದವರ ಹೆಸರಿದೆ, ಬರೆದವರ ಹೆಸರಿದೆ, ದುಡ್ಡು ಹಾಕಿದವರ ಫೋಟೋ ಇದೆ. ಕೊಂಬು ಊದಿದವರು "ಮತ್ತು ಸಂಗಡಿಗರು". ನಮ್ಮ ಯಾವ ಮದುವೆಯೂ ಅವರಿಲ್ಲದೆ ನಡೆಯುವುದಿಲ್ಲ, ಆದರೂ ಕಾಗದದಲ್ಲಿ ಅವರಿಲ್ಲ.

ಕಾಯ್ದೆಯಲ್ಲಿ ಬಾರಿಸುವವರೂ ಪ್ರದರ್ಶಕರೇ. ಹಾಡುವವರಿಗಿರುವ 50 ವರ್ಷದ ಹಕ್ಕು ಅವರಿಗೂ ಇದೆ. ಕ್ಯಾಸೆಟ್ಟಿನಲ್ಲಿ ಹೆಸರು ಹಾಕಲು ಜಾಗ ಇಲ್ಲ ಅನ್ನುವ ನೆಪ ಇತ್ತು. ಈಗ ಆ ನೆಪ ಇಲ್ಲ. ಅಪ್‌ಲೋಡ್ ಮಾಡುವ ಪುಟದಲ್ಲಿ ಒಂದೊಂದು ಹಾಡಿಗೂ ಯಾರು ಏನು ಬಾರಿಸಿದರು ಅಂತ ಪ್ರತ್ಯೇಕವಾಗಿ ಹಾಕಲು ಜಾಗ ಇರುತ್ತದೆ. ಅದರಲ್ಲಿ ಪೂರ್ತಿ ಹೆಸರು ಹಾಕಿ. ಒಂದು ಸಲ ಸರಿಯಾಗಿ ಹಾಕಿದರೆ ಆ ಹೆಸರು ಹಾಡಿನ ಜೊತೆ ಎಲ್ಲಾ ಕಡೆ ಹೋಗುತ್ತದೆ. ಕೆಲವು ವಿತರಕರಲ್ಲಿ ಬಂದ ದುಡ್ಡನ್ನು ಪಾಲು ಮಾಡಿ ಒಬ್ಬೊಬ್ಬರ ಖಾತೆಗೆ ಕಳಿಸುವ ಸೌಲಭ್ಯವೂ ಇದೆ. ವಾಲಗದವರಲ್ಲಿ ಎಲ್ಲರಿಗೂ ಇಮೇಲ್ ಇರುವುದಿಲ್ಲ, ಹಾಗಾಗಿ ತಂಡದ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ ಮಾಡಿ ವರ್ಷಕ್ಕೊಮ್ಮೆ ಪುತ್ತರಿ ಹೊತ್ತಿಗೆ ಹಂಚುವುದು ಸುಲಭ.

ರೆಕಾರ್ಡಿಂಗ್ ಶುರು ಮಾಡುವ ಮೊದಲೇ, ಮೈಕ್ ಹಾಕುವ ಮೊದಲೇ, ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಹಾಡಿದ ನಾಲ್ವರಿಗೆ ಎಷ್ಟು, ವಾಲಗದವರಿಗೆ ಎಷ್ಟು, ಸ್ಟುಡಿಯೋ ಖರ್ಚು ಮೊದಲು ಕಳೆಯಬೇಕಾ, ಒಬ್ಬರು ತೀರಿಕೊಂಡರೆ ಪಾಲು ಯಾರಿಗೆ. ಹಳೇ ಕ್ಯಾಸೆಟ್ಟಿಗೆ ಬೇರೆ ಪುಟ, ಅದರಲ್ಲಿ ತೀರಿಹೋದವರ ವಾರಸುದಾರರ ಸಹಿ. ಮಗ ಹೊಸ ರೆಕಾರ್ಡಿಂಗ್‌ನಲ್ಲಿ ಹಾಡಿದ ಪಾಲು ಬೇರೆ, ಅವರ ಅಪ್ಪನ ಹಳೇ ಪಾಲು ಬೇರೆ. ಎರಡನ್ನೂ ಸೇರಿಸಬೇಡಿ, ಆ ಮನೆಯಲ್ಲಿ ಅಕ್ಕತಂಗಿಯರು ಇದ್ದರೆ ಅವರಿಗೂ ಹಳೇ ಪಾಲಿನಲ್ಲಿ ಹಕ್ಕಿರುತ್ತದೆ. ಮೊತ್ತ ಈಗ ನೂರು ರೂಪಾಯಿಯೇ ಇರಲಿ. ನಾಳೆ ಯಾವುದೋ ಸಿನಿಮಾದವರು ಆ ಹಾಡು ಬೇಕು ಅಂತ ಬಂದರೆ ಆಗ ಕೂತು ಪಾಲು ಮಾತಾಡುವುದು ಬಹಳ ಕಷ್ಟ. ಅಲ್ವಾ?

ದಿನದ ಸಂಬಳ ಅಂತೂ ಕೊಡಲೇಬೇಕು. ಅದು ಬಂದು ಬಾರಿಸಿದ್ದಕ್ಕೆ. ಪಾಲು ರೆಕಾರ್ಡಿಂಗ್‌ನದ್ದು.

ಭಾಷೆ ಯಾವುದು ಅಂತಲೂ ಕೇಳುತ್ತದೆ. ನನಗೆ ಸಿಕ್ಕ ಪಟ್ಟಿಯಲ್ಲಿ ಕೊಡವ ಇರಲಿಲ್ಲ. ನಿಮ್ಮ ವಿತರಕರಲ್ಲೂ ಇಲ್ಲದಿದ್ದರೆ ಸುಮ್ನೆ ಕನ್ನಡ ಅಂತ ಒತ್ತಿ ಮುಂದೆ ಹೋಗಬೇಡಿ, ಅವರಿಗೆ ಒಂದು ಮೇಲ್ ಹಾಕಿ. ಭಾಷೆಗಳಿಗೆ ಕೊಡುವ ಅಂತಾರಾಷ್ಟ್ರೀಯ ಸಂಕೇತಗಳಲ್ಲಿ ಕೊಡವಕ್ಕೂ ಒಂದು ಇದೆ, ಕೆಎಫ್‌ಎ ಅಂತ ಮೂರು ಅಕ್ಷರ. ಅದನ್ನು ಮೇಲ್‌ನಲ್ಲಿ ಬರೆಯಿರಿ. ನಾನೂ ಕಳಿಸಿದ್ದೇನೆ. ಇನ್ನೂ ನಾಲ್ಕು ಕಡೆಯಿಂದ ಹೋದರೆ ಅವರೂ ಸೇರಿಸಬಹುದು. ಅಷ್ಟರವರೆಗೆ ಆಲ್ಬಂ ಹೆಸರಿನಲ್ಲೇ ಕೊಡವ ಅನ್ನುವ ಪದ ಇರಲಿ, ಹುಡುಕಿದವರಿಗೆ ಸಿಗುತ್ತದೆ.

ಬಿಡುಗಡೆ ದಿನವನ್ನು ಹತ್ತಿರಕ್ಕೆ ಇಟ್ಟುಕೊಳ್ಳಬೇಡಿ. ಪುತ್ತರಿಗೆ ಬರಬೇಕು ಅಂದರೆ ಒಂದು ತಿಂಗಳ ಮೊದಲೇ ಅಪ್‌ಲೋಡ್ ಮಾಡಿ. ಸ್ಪಾಟಿಫೈನ ಪ್ಲೇಲಿಸ್ಟ್ ಮಾಡುವವರಿಗೆ ಕೇಳಿಸಬೇಕಾದರೆ ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ಹಾಡು ಅವರಲ್ಲಿ ಇರಬೇಕು. ನಮ್ಮ ಕಡೆ ಕರೆಂಟು, ನೆಟ್‌ವರ್ಕ್ ಯಾವಾಗ ಇರುತ್ತದೆ ಅಂತ ನಿಮಗೇ ಗೊತ್ತು. ವೇವ್ ಫೈಲ್ ದೊಡ್ಡದು, ರಾತ್ರಿ ಹಾಕಿ ಮಲಗಿ ಬೆಳಿಗ್ಗೆ ನೋಡಿದರೆ ಅರ್ಧದಲ್ಲಿ ನಿಂತಿರುತ್ತದೆ. ಪೆನ್‌ಡ್ರೈವ್‌ನಲ್ಲಿ ತಂದರೆ ಇಲ್ಲಿಂದಲೇ ಹಾಕೋಣ. ಅಪ್ಪನನ್ನೂ ಕರೆದುಕೊಂಡು ಬನ್ನಿ, ಎಲ್ಲಿ ಬಿಡಿಸಬೇಕು ಅಂತ ಅವರೇ ಕೂತು ಹೇಳಲಿ.